ರುಕ್ಮವ್ವನ ಚಿಗರಿ ದೊಡ್ಡಾಕಿ ಆದದ್ದು

ಬನಹಟ್ಟಿಯ ನೇಕಾರರ ಓಣಿಯಲ್ಲಿ ಎಲ್ಲರಿಗಿಂತ ಮೊದಲು ಏಳುತ್ತಿದ್ದುದು ಕೋಳಿಯಲ್ಲ, ರುಕ್ಮವ್ವನ ರಾಟಿ. ಕೋಳಿಯಾದರೂ ನಾಲ್ಕು ಸಲ ಕೂಗಿ ಸುಮ್ಮನಾಗುತ್ತದೆ. ರುಕ್ಮವ್ವ ಹಂಗಲ್ಲ. ಲಾಳಿಯೊಳಗೆ ಕೂಡುವ ಕಂಡಿಕಿಗೆ ನೂಲು ಸುತ್ತುತ್ತ, ರಾಟಿಯ ಗುಂಯ್ಯಿಗೆ ದನಿ ಕೂಡಿಸಿ ಹಾಡು ಸುರು ಹಚ್ಚಿದಳೆಂದರೆ ಗಂಡ ಶಂಕರೆಪ್ಪ ಎದ್ದು, ಮುಖ ತೊಳೆದು, ಕುಣಿಮಗ್ಗದೊಳಗೆ ಇಳಿದು ಕೂಡುವತನಕ ನಿಲ್ಲಿಸುತ್ತಿರಲಿಲ್ಲ. ಕುಣಿಮಗ್ಗ ಅಂದರೆ ನೆಲದಲ್ಲಿ ಒಂದು ಕುಣಿ ತೋಡಿ, ಇಳಿಯಲಿಕ್ಕೆ ಒಂದು ಮೆಟ್ಟಿಲು ಮಾಡಿ, ಅದರೊಳಗೆ ಕಾಲು ಇಳಿಬಿಟ್ಟು ಅಂಚಿನ ಮೇಲೆ ಕೂತು ನೇಯುವ ಮಗ್ಗ. ಬೆಳಗಿನಿಂದ ಸಂಜಿತನಕ ಅದರಲ್ಲೇ ಇರುತ್ತಿದ್ದುದರಿಂದ ಓಣಿಯ ಮಂದಿಗೆ ಶಂಕರೆಪ್ಪನ ಮೇಲಿನ ಅರ್ಧ ಅಷ್ಟೇ ಪರಿಚಯ.

"ನಿನ್ನ ಗಂಡಗ ಕಾಲ ಅದಾವೇನ ಬೇ ರುಕ್ಮವ್ವಾ?" ಅಂತ ಬಾಜೂ ಮನೆಯ ಕರೆವ್ವ ಕೇಳಿದರೆ, "ಮದಿವ್ಯಾಗ ಇದ್ದವು. ಆಮ್ಯಾಲೆ ನಾನೂ ನೋಡಿಲ್ಲ" ಅನ್ನುತ್ತಿದ್ದಳು ರುಕ್ಮವ್ವ.

ಇಂಥ ರುಕ್ಮವ್ವನಿಗೆ ಓಣಿಯಲ್ಲಿ ಒಂದು ದೊಡ್ಡ ಪದವಿ ಇತ್ತು. ಯಾರ ಮನೆಯ ಹುಡುಗಿ ದೊಡ್ಡಾಕಿ ಆದರೂ ಮೊದಲ ಕರೆ ಆಕೆಗೆ. ಹುಡುಗಿಯನ್ನು ಮೂಲೆಗೆ ಚಾಪೆ ಹಾಸಿ ಕೂಡಿಸುವುದು, ಚಾಪೆಯ ಮುಂದೆ ಅಡ್ಡ ಒನಕೆ ಇಟ್ಟು "ಇದನ್ನ ದಾಟಬ್ಯಾಡವಾ" ಅನ್ನುವುದು, ಕೊಬ್ಬರಿ ಬೆಲ್ಲ ತುಪ್ಪ ತಿನ್ನಿಸುವುದು, ಐದನೇ ದಿನ ಎಣ್ಣೆ ಹಚ್ಚಿ ನೀರು ಹಾಕುವುದು, ಸೋದರಮಾವ ತಂದ ರವಿಕೆಯ ಖಣ ಮುಟ್ಟಿಸಿ ಉಡಿ ತುಂಬುವುದು, ಸೋಬಾನ ಹಾಡಿಸಿ ಆರತಿ ಮಾಡಿ ಹನಮಪ್ಪನ ಗುಡಿಗೆ ಕರೆದುಕೊಂಡು ಹೋಗಿ ಕಾಯಿ ಒಡೆಸುವುದು. ಇದರಲ್ಲಿ ಒಂದು ಹಿಂದುಮುಂದಾದರೆ ರುಕ್ಮವ್ವ ಹುಡುಗಿಯ ಅವ್ವನನ್ನೂ ಬಿಡುತ್ತಿರಲಿಲ್ಲ, ಅಜ್ಜಿಯನ್ನೂ ಬಿಡುತ್ತಿರಲಿಲ್ಲ. ಓಣಿಯ ಅರ್ಧ ಹೆಣ್ಣುಮಕ್ಕಳು ಆಕೆಯ ಕೈಯಿಂದ ನೀರು ಹಾಕಿಸಿಕೊಂಡೇ ದೊಡ್ಡವರಾದವರು.

ಆದರೆ ದೇವರು ಎಂಥವನು ನೋಡಿ. ಇಷ್ಟು ಬಲ್ಲ ರುಕ್ಮವ್ವನಿಗೆ ಒಂದು ಹೆಣ್ಣು ಕೊಡಲಿಲ್ಲ. ಒಬ್ಬನೇ ಮಗನನ್ನು ಕೊಟ್ಟ. ಅವನಿಗೆ ದೊಡ್ಡಾಕಿ ಆಗುವ ಭಾಗ್ಯ ಇರಲಿಲ್ಲ. ಅವನು ಮೀಸೆ ಬಂದ ಮೇಲೆ ಮದುವೆಯಾಗಿ ರಬಕವಿಯಲ್ಲಿ ಮಾವನ ಮಗ್ಗಕ್ಕೆ ಹೋಗಿ ಕೂತ. ರುಕ್ಮವ್ವನ ಮನೆಯ ಚಾಪೆ ಸುರುಳಿಯಾಗಿಯೇ ಉಳಿಯಿತು.

ಹೀಗಿರುವಾಗ ಒಂದು ವರ್ಷ ನಾಗರಪಂಚಮಿಗೆ ರುಕ್ಮವ್ವ ತವರಿಗೆ ಹೋದಳು. ತವರು ಮುಧೋಳದ ಹತ್ತಿರದ ಹಳ್ಳಿ. ಅಣ್ಣ ಬಸಗೊಂಡಪ್ಪ ಒಕ್ಕಲುತನದವನು, ಆದರೆ ಅವನ ಜೀವ ಇದ್ದುದು ನಾಯಿಗಳಲ್ಲಿ. ಆ ಕಡೆಯ ಬೇಟೆನಾಯಿಗಳನ್ನು ನೀವು ನೋಡಿರಬೇಕು. ಉದ್ದ ಮೂತಿ, ಬಿಲ್ಲಿನಂಥ ಬೆನ್ನು, ಹೊಟ್ಟೆ ಇದೆಯೋ ಇಲ್ಲವೋ ಅನ್ನುವಂಥ ಹೊಟ್ಟೆ, ಓಡಿದರೆ ನೆರಳೂ ಹಿಂದೆ ಬೀಳುತ್ತದೆ. ತನ್ನ ಮುತ್ತಜ್ಜನ ಹೆಸರು ಕೇಳಿದರೆ ತಲೆ ಕೆರೆದುಕೊಳ್ಳುವ ಬಸಗೊಂಡಪ್ಪ, ತನ್ನ ನಾಯಿ ಸರ್ಜಾನ ಮುತ್ತಜ್ಜನ ಹೆಸರನ್ನು ಮಾತ್ರ ವಂಶಾವಳಿ ಓದುವ ಹೆಳವನ ಹಾಗೆ ರಾಗ ಎಳೆದು ಹೇಳುತ್ತಿದ್ದ.

ರುಕ್ಮವ್ವ ಅಂಗಳದಲ್ಲಿ ಕೂತಾಗ ಒಂದು ಹೆಣ್ಣುಮರಿ ಬಂದು ಆಕೆಯ ಉಡಿಯಲ್ಲಿ ಹತ್ತಿ ಮಲಗಿಬಿಟ್ಟಿತು. ಎಬ್ಬಿಸಿದರೆ ಏಳಲಿಲ್ಲ.

"ಅಣ್ಣಾ, ಈ ಸಲ ಪಂಚಮಿಗಿ ನನಗ ಕುಬಸ ಬ್ಯಾಡ, ಸೀರಿ ಬ್ಯಾಡ. ಇದನ್ನ ಕೊಡು."

ಬಸಗೊಂಡಪ್ಪನ ಮುಖ ಹುಣಸೆಹಣ್ಣಾಯಿತು. ಆದರೆ ಪಂಚಮಿಗೆ ಬಂದ ತಂಗಿ ಬಾಯಿಬಿಟ್ಟು ಕೇಳಿದ್ದನ್ನು ಇಲ್ಲ ಅಂದ ಅಣ್ಣ ಆ ಸೀಮೆಯಲ್ಲಿ ಹುಟ್ಟಿಲ್ಲ. ಅವತ್ತು ಹತ್ತಿ ನೋಡಲು ಬಂದಿದ್ದ ತೇರದಾಳದ ನೂಲಿನ ವ್ಯಾಪಾರಿ ಪಾರಿಸಪ್ಪ ಕಟ್ಟೆಯ ಮೇಲೆ ಕೂತಿದ್ದರು. ಜೈನರು, ಸೂರ್ಯ ಮುಳುಗಿದ ಮೇಲೆ ಊಟ ಮುಟ್ಟುವವರಲ್ಲ, ಸುಳ್ಳನ್ನು ಹಗಲೂ ಮುಟ್ಟುವವರಲ್ಲ. ಬಸಗೊಂಡಪ್ಪ ಅವರ ಕಡೆ ತಿರುಗಿ ದೊಡ್ಡ ದನಿಯಲ್ಲಿ ಹೇಳಿದ:

"ಪಾರಿಸಪ್ಪಾರ, ನೀವ ಸಾಕ್ಷಿ. ಇದರ ಮೊದಲನೇ ಸೂಲಿನ ಮರಿ ಎಲ್ಲಾ ನಂದು. ಆ ಮರಿ ನನ್ನ ಮನಿಯಾಗ ಬಂದು ಬೀಳೂತನ ನಾಯಿ ನಂದು. ಬಿದ್ದ ದಿನದಿಂದ ನನ್ನ ತಂಗೀದು. ಏನ ತಂಗೀ, ಒಪ್ಪಿಗಿ?"

"ಒಪ್ಪಿಗಿ" ಅಂದಳು ರುಕ್ಮವ್ವ. ಮರಿಗೆ ಆಗಲೇ ಚಿಗರಿ ಅಂತ ಹೆಸರೂ ಇಟ್ಟಿದ್ದಳು.

ಗಾಡಿ ಹತ್ತುವಾಗ ಬಸಗೊಂಡಪ್ಪ ಆಕೆಯ ಕಿವಿಯ ಹತ್ತಿರ ಬಂದು, ಈ ಸಲ ಸಣ್ಣ ದನಿಯಲ್ಲಿ, ಇನ್ನೊಂದು ಮಾತು ಹೇಳಿದ. "ಬೆದಿಗಿ ಬಂದಾಗ ಜ್ವಾಪಾನ ನೋಡ. ಮೊದಲನೇದು ಹಂಗ ಹೋಗಲಿ, ಹುಡುಗಿ ಇನ್ನಾ ಸಣ್ಣದಿರತೈತಿ. ಎರಡನೇದಕ್ಕ ನಮ್ಮ ಸರ್ಜಾ. ನಡುವ ನಿಮ್ಮ ಊರನ ಯಾವರೆ ಬೀದಿನಾಯಿ ಮುಟ್ಟಿತಂದ್ರ ಅವತ್ತ ಬಂದು ಹೊಳ್ಳಿ ಒಯ್ತೇನಿ."

"ಜ್ವಾಪಾನ ಅಂದ್ರ ಹೆಂಗ?"

ಬಸಗೊಂಡಪ್ಪ ಕೆಮ್ಮಿದ. ಅಣ್ಣ ಆದವನು ತಂಗಿಗೆ ಇಂಥ ಮಾತನ್ನು ಎಷ್ಟಂತ ಬಿಡಿಸಿ ಹೇಳುತ್ತಾನೆ? "ಹೆಣ್ಣಮಕ್ಕಳದು ನಿನಗ ಗೊತ್ತಿಲ್ಲೇನು, ಹಂಗ" ಅಂದವನೇ ಎತ್ತಿಗೆ ಹುಲ್ಲು ಹಾಕಲು ಹೋಗಿಬಿಟ್ಟ. ಎಲ್ಲ ಅನಾಹುತಕ್ಕೆ ಬೀಜ ಬಿದ್ದದ್ದು ಅಲ್ಲಿ.

ಚಿಗರಿ ಬನಹಟ್ಟಿಯಲ್ಲಿ ಬೆಳೆದಳು. ರಾಟಿಯ ಪಕ್ಕದಲ್ಲಿ ಮಲಗುವುದು, ರುಕ್ಮವ್ವ ಹಾಡಿದರೆ ಮೂತಿ ಮೇಲೆತ್ತಿ ತಾನೂ ಊಳಿಡುವುದು. ರುಕ್ಮವ್ವನ ಪ್ರಾಣ ಆ ನಾಯಿಯ ಉದ್ದ ಮೂತಿಯ ತುದಿಗೆ ಬಂದು ಕೂತಿತ್ತು. ರೊಟ್ಟಿ ಬಡಿದರೆ ಮೊದಲ ರೊಟ್ಟಿ ಚಿಗರಿಗೆ, ಎರಡನೆಯದು ಶಂಕರೆಪ್ಪನಿಗೆ. "ಮುಂದಿನ ಜನ್ಮಕ್ಕ ನಾನೂ ನಾಲ್ಕ ಕಾಲಲೆ ಹುಟ್ಟತೇನಿ" ಅಂತ ಶಂಕರೆಪ್ಪ ಕುಣಿಯಿಂದ ಅನ್ನುತ್ತಿದ್ದ. "ಮೊದಲ ಎರಡ ಅದಾವನೂ ನೋಡಕೋರಿ" ಅನ್ನುತ್ತಿದ್ದಳು ಆಕೆ.

ವರ್ಷ ತುಂಬುವ ಹೊತ್ತಿಗೆ ಒಂದು ಬೆಳಗ್ಗೆ ಶಂಕರೆಪ್ಪ ಮಗ್ಗದಿಂದ ಇಳಿಸಿಟ್ಟ ಬಿಳೀ ಧೋತರದ ಮೇಲೆ ಕೆಂಪು ಚುಕ್ಕಿಗಳು ಕಂಡವು.

"ಏ ಇವಳ, ಈ ಬಣ್ಣ ಎಲ್ಲಿಂದ ಸೋರಿತ? ಆ ಕೆಂಪ ನೂಲ ಸುಳ್ಳ ನೂಲ ಐತಿ. ಪಾರಿಸಪ್ಪಾರ್ನ ಕೇಳಬೇಕು."

ರುಕ್ಮವ್ವ ಬಂದು ಧೋತರ ನೋಡಿದಳು, ಚಿಗರಿಯನ್ನು ನೋಡಿದಳು. ಚಿಗರಿ ನಾಚಿಕೆ ಇಲ್ಲದೆ ತನ್ನ ಹಿಂಭಾಗವನ್ನು ನೆಕ್ಕಿಕೊಳ್ಳುತ್ತಿದ್ದಳು. ರುಕ್ಮವ್ವನ ಕಣ್ಣಲ್ಲಿ ನೀರು ಬಂತು.

"ನೂಲಿನ ಮಾತ ಬಿಡ್ರಿ! ನಮ್ಮ ಹುಡುಗಿ ದೊಡ್ಡಾಕಿ ಆಗ್ಯಾಳ!"

ಚಾಪೆ ಬಿಚ್ಚಿತು. ಮೂಲೆ ಸಾರಿಸಿದರು. ಚಿಗರಿಯನ್ನು ಕೂಡಿಸಿ ಮುಂದೆ ಅಡ್ಡ ಒನಕೆ ಇಟ್ಟು, "ಇದನ್ನ ದಾಟಬ್ಯಾಡವಾ" ಅಂದಳು ರುಕ್ಮವ್ವ. ಚಿಗರಿ ಒನಕೆಯನ್ನು ಮೂಸಿ, ದಾಟಿ, ಈಚೆ ಬಂದು ಕೂತಳು. ಮತ್ತೆ ಆಚೆ ಕೂಡಿಸಿದರು. ಮತ್ತೆ ದಾಟಿದಳು. ಕೊನೆಗೆ ರುಕ್ಮವ್ವ ಚಿಗರಿ ಕೂತಲ್ಲಿಗೆ ಒನಕೆಯನ್ನೇ ಒಯ್ಯುತ್ತ ಹೋದಳು. ಕೊಬ್ಬರಿ ಬೆಲ್ಲ ತುಪ್ಪ ಕೊಟ್ಟರೆ ಚಿಗರಿ ತುಪ್ಪ ನೆಕ್ಕಿ, ಕೊಬ್ಬರಿಯನ್ನು ಶಂಕರೆಪ್ಪನ ಕುಣಿಯಲ್ಲಿ ಹುಗಿದಿಟ್ಟು ಬಂದಳು.

ನೆಲ ಕೆಡಬಾರದೆಂದು ಶಂಕರೆಪ್ಪ ಮಗ್ಗದ ತುದಿಯ ತುಂಡಿನಿಂದ ಒಂದು ಚಲ್ಲಣ ಹೊಲಿದ. ಬಾಲಕ್ಕೆ ತೂತು, ಸೊಂಟಕ್ಕೆ ಲಾಡಿ, ಅಂಚಿಗೆ ಒಂದು ಸಣ್ಣ ದಡಿ ಕೂಡ. "ನನಗ ಇಂಥಾದ್ದ ಒಂದ ಕುಬಸ ಹೊಲದಿರೇನು ಇಷ್ಟ ವರ್ಷದಾಗ" ಅಂದಳು ರುಕ್ಮವ್ವ. ತೊಡಿಸಿದ ಕೂಡಲೆ ಚಿಗರಿ ಹಿಂದಕ್ಕೆ ಹಿಂದಕ್ಕೆ ನಡೆಯತೊಡಗಿ ಗೋಡೆಗೆ ಬಡಿದಳು. ಮಧ್ಯಾಹ್ನದೊಳಗೆ ಅರ್ಧ ಚಲ್ಲಣ ತಿಂದಿದ್ದಳು. ಉಳಿದ ಅರ್ಧ ಎಲ್ಲಿ ಹೋಯಿತೆಂದು ಸಂಜೆ ತಿಳಿಯಿತು. ಅದನ್ನು ಹಾಸಿಕೊಂಡು ಹೊಸ್ತಿಲ ಹೊರಗೆ ಗುಂಡ್ಯಾ ಮಲಗಿದ್ದ.

ಗುಂಡ್ಯಾನ ವಿಷಯ ಹೇಳಬೇಕು. ಅವನು ಹನಮಪ್ಪನ ಗುಡಿಯ ಕಟ್ಟೆಯ ಮೇಲೆ ಇರುವ ನಾಯಿ. ಉದ್ದ ಮೈ, ಗೇಣುದ್ದ ಕಾಲು, ಒಂದು ಕಿವಿ ನಿಂತದ್ದು, ಒಂದು ಮಲಗಿದ್ದು. ಶನಿವಾರ ಪ್ರಸಾದದ ಕೊಬ್ಬರಿ ತಿನ್ನುವುದು, ಉಳಿದ ದಿನ ನಿದ್ದೆ. ಯಾವ ಹೆಣ್ಣುನಾಯಿಯ ಹಿಂದೆಯೂ ಅವನು ಓಡಿದ್ದನ್ನು ಯಾರೂ ಕಂಡಿರಲಿಲ್ಲ. ಹನಮಪ್ಪನ ಸಹವಾಸ, ಬ್ರಹ್ಮಚಾರಿ ಆಗ್ಯಾನ ಅಂತ ಓಣಿಯೆಲ್ಲ ಅವನಿಗೆ ಮರ್ಯಾದೆ ಕೊಡುತ್ತಿತ್ತು.

ಅವನೊಬ್ಬನೇ ಬಂದಿದ್ದರೆ ಸರಿ. ಮರುದಿನ ಬಾಗಿಲು ತೆರೆದರೆ ಅಂಗಳದ ತುಂಬ ನಾಯಿ. ಬನಹಟ್ಟಿ ಆಗ ಜಮಖಂಡಿ ಸಂಸ್ಥಾನದ್ದು, ಕೂಗಳತೆಯ ರಬಕವಿ ಸಾಂಗಲಿಯದು, ಮಹಾಲಿಂಗಪುರ ಮುಧೋಳದ್ದು. ಮೂರು ಸಂಸ್ಥಾನದ ನಾಯಿಗಳು ಒಂದೇ ಅಂಗಳದಲ್ಲಿ ಸಭೆ ಸೇರಿದ್ದವು. ಬೆಲ್ಲದ ಪೇಟೆಯಲ್ಲಿ ಬೆಲ್ಲ ತಿಂದು ತಿಂದು ಹಲ್ಲು ಹೋದ ಒಂದು ಮುದುಕ ನಾಯಿಯೂ ಮಹಾಲಿಂಗಪುರದಿಂದ ಏಗಿಕೊಂಡು ಬಂದಿತ್ತು.

"ನೋಡಿದೇನ," ಅಂದ ಶಂಕರೆಪ್ಪ, "ನಾ ಒಂದ ಸೀರಿ ಗಂಟ ಹೊತ್ತಕೊಂಡ ಗಡಿ ದಾಟಿದ್ರ ಜಕಾತಿ ನಾಕಾದಾಗ ಬಿಚ್ಚಿ ಬಿಚ್ಚಿ ನೋಡ್ತಾರ. ಈ ಮಕ್ಕಳನ್ನ ಯಾರೂ ಕೇಳೂದಿಲ್ಲ."

ರುಕ್ಮವ್ವ ನಗಲಿಲ್ಲ. ಬೀದಿನಾಯಿ ಮುಟ್ಟಿದರೆ ಹೊಳ್ಳಿ ಒಯ್ತೇನಿ ಅಂದ ಅಣ್ಣನ ಮಾತು ಕಿವಿಯಲ್ಲಿ ಗುಂಯ್ ಅನ್ನುತ್ತಿತ್ತು. ಚಿಗರಿ ಇಲ್ಲದ ಮನೆಯಲ್ಲಿ ರಾಟಿ ತಿರುಗಿಸುವುದನ್ನು ನೆನೆಸಿಕೊಂಡರೆ ಕೈ ನಿಲ್ಲುತ್ತಿತ್ತು. ಬಡಿಗೆ ತೆಗೆದುಕೊಂಡು ಹೊಸ್ತಿಲಲ್ಲಿ ಕೂತಳು. ಆದರೆ ನೀರು ತರಬೇಕು, ರೊಟ್ಟಿ ಬಡಿಯಬೇಕು, ಕಂಡಿಕಿ ಸುತ್ತಬೇಕು. ಎಷ್ಟಂತ ಕಾದಾಳು? ಆಗ ಗುಂಡ್ಯಾ ಒಂದು ಕೆಲಸ ಮಾಡಿದ. ರಬಕವಿಯ ಕರೀ ನಾಯಿ ಹೊಸ್ತಿಲಿಗೆ ಮೂತಿ ಚಾಚಿದ ಕೂಡಲೆ ಅದರ ಮೂಗಿಗೇ ಬಾಯಿ ಹಾಕಿ ಓಡಿಸಿದ. ಇನ್ನೊಂದು ಬಂತು, ಅದನ್ನೂ ಓಡಿಸಿದ. ಮತ್ತೆ ಬಂದು ಚಲ್ಲಣದ ಮೇಲೆ ಮಲಗಿದ.

"ಹನಮಪ್ಪ ಕಳಿಸ್ಯಾನ ನಿನ್ನ" ಅಂದಳು ರುಕ್ಮವ್ವ. ಅವತ್ತಿನಿಂದ ಗುಂಡ್ಯಾನಿಗೆ ಎರಡು ರೊಟ್ಟಿ ಸಂಬಳ, ಕಾವಲುಗಾರನ ಕೆಲಸ.

ಕರೆವ್ವ ಗೋಡೆಯ ಮೇಲಿಂದ ಹಣಿಕಿ ಹಾಕಿದಳು. "ಏನ ಬೇ, ಕಳ್ಳನ ಕೈಯಾಗ ಕೀಲಿ ಕೊಟ್ಟಿ? ಅಂವಾನೂ ಗಂಡಸ."

"ಅವನ ಕಾಲ ನೋಡ ಬೇ ಕರೆವ್ವಾ, ನನ್ನ ಚಿಗರಿ ಕಾಲ ನೋಡ. ಏಣಿ ಹಚ್ಚಿದ್ರೂ ಮುಟ್ಟಾಂಗಿಲ್ಲ."

ಆ ಮಾತು ಖರೆ. ಗುಂಡ್ಯಾ ತಲೆಯೆತ್ತಿ ನಿಂತರೆ ಚಿಗರಿಯ ಹೊಟ್ಟೆಯ ಕೆಳಗೆ ಆರಾಮಾಗಿ ನೆರಳಿಗೆ ನಿಲ್ಲಬಹುದಿತ್ತು. ಮೇಲಾಗಿ ಚಿಗರಿ ಯಾವ ಗಂಡುನಾಯಿಯನ್ನೂ ಹತ್ತಿರ ಬರಗೊಡುತ್ತಿರಲಿಲ್ಲ. ಬಂದರೆ ಹಲ್ಲು ಕಿರಿದು ಗುರ್ ಅನ್ನುತ್ತಿದ್ದಳು. ಗುಂಡ್ಯಾನ ನಿಂತ ಕಿವಿಯನ್ನೂ ಒಂದು ಸಲ ಕಚ್ಚಿದ್ದಳು. "ನೋಡ್ರಿ, ಎಂಥಾ ಮರ್ಯಾದಸ್ತ ಹುಡುಗಿ" ಅಂತ ರುಕ್ಮವ್ವ ಓಣಿಗೆಲ್ಲ ಹೇಳಿಕೊಂಡು ಬಂದಳು.

ಸಂತೆಗೆ ಹೋಗುವ ಗಾಡಿಯವನ ಕೈಯಲ್ಲಿ ಅಣ್ಣನಿಗೂ ಹೇಳಿ ಕಳಿಸಿದಳು: "ನಿನ್ನ ಸೊಸಿ ಚಿಗರಿ ದೊಡ್ಡಾಕಿ ಆಗ್ಯಾಳ. ಐದನೇ ದಿನ ನೀರ ಹಾಕತೇನಿ. ನೀ ಸೋದರಮಾವ ಆಗಬೇಕು. ಖಣ ತಗೊಂಡ ಬಾ."

ಐದನೇ ದಿನದ ಹೊತ್ತಿಗೆ ಕೆಂಪು ಚುಕ್ಕಿ ನಿಂತುಹೋದವು. ಧೋತರದ ಮೇಲೆ ಚುಕ್ಕಿ ಕಾಣುವ ಮೊದಲಿನ ಕೆಲವು ದಿನ ಚಿಗರಿ ನೆಕ್ಕಿ ನೆಕ್ಕಿ ಸ್ವಚ್ಛ ಇಟ್ಟುಕೊಂಡಿದ್ದು ಯಾರ ಕಣ್ಣಿಗೂ ಬಿದ್ದಿರಲಿಲ್ಲ, ಅದು ರುಕ್ಮವ್ವನ ಲೆಕ್ಕಕ್ಕೂ ಬರಲಿಲ್ಲ. ಆಕೆ ನಿಟ್ಟುಸಿರು ಬಿಟ್ಟಳು. "ಮುಗೀತವಾ. ಗಂಡಾಂತರ ದಾಟಿತು."

ಅವತ್ತು ಹೋಳಿಗೆ ಮಾಡಿದಳು. ನಾಯಿಗೆ ಸೋಬಾನ ಅಂದಾಗ ಮೂಗು ಮುರಿದಿದ್ದ ಓಣಿಯ ಹೆಂಗಸರೆಲ್ಲ ಹೋಳಿಗೆ ಅಂದ ಕೂಡಲೆ ಮೂಗು ನೆಟ್ಟಗೆ ಮಾಡಿಕೊಂಡು ಬಂದರು.

"ಇವತ್ತ ನಾಯಿಗಿ ಆರತಿ, ನಾಳಿ ಬೆಕ್ಕಿಗಿ ಕುಬಸದ ಕಾರ್ಯ ಮಾಡತಿ" ಅಂದಳು ಕರೆವ್ವ.

"ಮಾಡತೇನಿ. ನಿಮ್ಮನಿ ಬೆಕ್ಕ ಬಸರಾದ್ರ ಹೇಳ."

ಅದೇ ಹೊತ್ತಿಗೆ ನೂಲು ಕೊಡಲು ಬಂದ ಪಾರಿಸಪ್ಪ, ಹೆಂಗಸರ ಗುಂಪು ಕಂಡು ನಾಚಿ ಅಂಗಳದ ಬೇವಿನ ಕಟ್ಟೆಗೆ ಹೋಗಿ ಕೂತರು. ಶಂಕರೆಪ್ಪ ಮಾತ್ರ ಕುಣಿ ಬಿಡಲಿಲ್ಲ. ಲಾಳಿ ಆಡಿಸುತ್ತ ಅಲ್ಲಿಂದಲೇ ಎಲ್ಲ ನೋಡುತ್ತಿದ್ದ.

ಚಿಗರಿಗೆ ಎಣ್ಣೆ ಹಚ್ಚಿದರು. ಬಿಸಿನೀರು ಹಾಕಿದರು. ಮೈ ಕೊಡವಿ ಆಕೆ ಎಲ್ಲ ಮುತ್ತೈದೆಯರಿಗೂ ನೀರು ಹಾಕಿದಳು. ಮಣೆಯ ಮೇಲೆ ಕೂಡಿಸಿ, ಹಣೆಗೆ ಕುಂಕುಮ ಇಟ್ಟು, ಖಣ ಇನ್ನೂ ಬಂದಿಲ್ಲವೆಂದು ಶಂಕರೆಪ್ಪನ ಹೆಗಲ ಮೇಲಿನ ಟವೆಲನ್ನೇ ಹೊದಿಸಿ ರುಕ್ಮವ್ವ ದನಿ ಎತ್ತಿದಳು:

"ಗಾಳೀಗಿ ಸೋಲದ ಕಾಲ, ಗೆಜ್ಜಿಯಂಥಾ ದನಿಯವಳ
ನಿನ್ನ ಜೋಡಿ ಎಲ್ಲಿ ಹುಟ್ಯಾನ ಸೋ
ಮುಧೋಳದ ಮನಿಯಾಗ, ಮುತ್ತಿನ ಹಾಸಿಗಿಯಾಗ
ಸರ್ಜಪ್ಪ ಕಾದು ಕುಂತಾನ ಸೋ"

"ಸೋ" ಅಂದರು ಎಲ್ಲರೂ. "ಊಊ" ಅಂದಳು ಚಿಗರಿ. ಬಾಗಿಲಲ್ಲಿ ಗುಂಡ್ಯಾ ಆಕಳಿಸಿದ.

ಇನ್ನು ಗುಡಿಗೆ ಹೋಗಿ ಕಾಯಿ ಒಡೆಸುವುದೊಂದೇ ಬಾಕಿ. ರುಕ್ಮವ್ವ ಆರತಿಯ ತಾಟು ಹಿಡಿದು, ಚಿಗರಿಯ ಕೊರಳಿಗೆ ಒಂದು ನೂಲಿನ ಹಗ್ಗ ಹಾಕಿ ಬಾಗಿಲು ತೆರೆದಳು.

ಹೊರಗೆ ಮೂರು ಸಂಸ್ಥಾನ ಕಾದಿತ್ತು.

ನಿನ್ನೆಯವರೆಗೆ ಹಲ್ಲು ಕಿರಿಯುತ್ತಿದ್ದ ಮರ್ಯಾದಸ್ತ ಹುಡುಗಿ ಹೊಸ್ತಿಲ ಮೇಲೆ ನಿಂತು, ಅವನ್ನೆಲ್ಲ ಒಂದು ಸಲ ನೋಡಿ, ಬಾಲವನ್ನು ಮೆಲ್ಲಗೆ ಒಂದು ಕಡೆ ಸರಿಸಿದಳು.

ಆಮೇಲೆ ಏನಾಯಿತೆಂದು ಹೇಳುವುದು ಕಷ್ಟ, ಯಾಕೆಂದರೆ ಕಂಡವರೆಲ್ಲ ಬೇರೆ ಬೇರೆ ಗಿಡದ ಮೇಲೆ, ಗೋಡೆಯ ಮೇಲೆ ಇದ್ದರು. ನಾಯಿಗಳು ಒಮ್ಮೆಲೆ ನುಗ್ಗಿದವು. ತಾಟು ಹಾರಿತು. ಕರೆವ್ವ ಪಾರಿಸಪ್ಪರ ನೂಲಿನ ಗಂಟಿನ ಮೇಲೆ ಹತ್ತಿದಳು. ನೂಲಿನ ಹಗ್ಗ ಹರಿದುಕೊಂಡು ಚಿಗರಿ ಓಟ ಕಿತ್ತಳು, ಟವೆಲು ಗಾಳಿಪಟದ ಹಾಗೆ ಹಿಂದೆ. ಚಿಮ್ಮಡದ ದಾರಿ ಹಿಡಿದವಳು, ಹಿಂದಿನ ನಾಯಿಗಳು ಓಣಿಯ ತಿರುವು ದಾಟುವುದರೊಳಗೆ ಒಂದು ಸುತ್ತು ಹೊಡೆದು ಹೊಳ್ಳಿ ಬರುತ್ತಿದ್ದಳು. ರುಕ್ಮವ್ವ ಚೀರಿದಳು:

"ಏನ್ರೀ! ಏಳ್ರೀ! ನಮ್ಮ ಹುಡುಗಿ ಹೋತು!"

ಶಂಕರೆಪ್ಪ ಲಾಳಿ ಬಿಟ್ಟು, ಕುಣಿಯಿಂದ ಜಿಗಿದು, ಬಡಿಗೆ ಹಿಡಿದು ಅಂಗಳಕ್ಕೆ ಓಡಿಬಂದ.

"ಯವ್ವಾ," ಅಂದಳು ಕರೆವ್ವ ಗಂಟಿನ ಮೇಲಿಂದ, "ಕಾಲ ಅದಾವ!"

ಅಷ್ಟರಲ್ಲಿ ಚಿಗರಿ ಬಾಣದ ಹಾಗೆ ಬಂದು ಎಲ್ಲರ ನಡುವೆ ನುಸುಳಿ ಮನೆಯೊಳಗೆ ಹೊಕ್ಕಳು. ರುಕ್ಮವ್ವ ಬಾಗಿಲು ಎಳೆದುಕೊಳ್ಳುವಾಗ ಒಳಗೆ ನೋಡಿದಳು. ಈ ಗದ್ದಲಕ್ಕೆ ಮೈ ಕೂಡ ಅಲುಗಿಸದೆ ಗುಂಡ್ಯಾ ಮಣೆಯ ಹತ್ತಿರ ಕೂತು ನೈವೇದ್ಯದ ಹೋಳಿಗೆ ತಿನ್ನುತ್ತಿದ್ದ.

"ಗುಂಡಪ್ಪಾ, ಒಳಗ ನೀ ನೋಡಕೋಪಾ" ಅಂದು ಚಿಲಕ ಜಡಿದಳು.

ಶಂಕರೆಪ್ಪ ಬಡಿಗೆ ಬೀಸಿ ಬೀಸಿ ಮೂರು ಸಂಸ್ಥಾನವನ್ನು ಓಣಿಯ ಆಚೆ ಹಾಕುವಷ್ಟರಲ್ಲಿ ಗಂಟೆ ಕಟ್ಟಿದ ಸವಾರಿ ಬಂಡಿಯೊಂದು ದಡಬಡಿಸಿ ಬಂತು. ಬಸಗೊಂಡಪ್ಪ. ಒಂದು ಕೈಯಲ್ಲಿ ಹೆಂಡತಿ ಕೊಟ್ಟು ಕಳಿಸಿದ ಗುಳೇದಗುಡ್ಡದ ಖಣ, ಇನ್ನೊಂದು ಕೈಯಲ್ಲಿ ಕಬ್ಬಿಣದ ಸರಪಳಿ. ಹಿಂದೆ ಕೌದಿಯ ಮೇಲೆ ಕೂತ ಸರ್ಜಾ.

"ನೀರ ಹಾಕೀಯೇನ?" ಅಂತ ಇಳಿಯುವ ಮೊದಲೇ ಕೂಗಿದ.

"ಹಾಕಿದೆ. ನೀ ತಡಾ ಮಾಡಿದಿ. ಮೊದಲ ಹೋಳಿಗಿ ತಿನ್ನ."

"ಹೊರಗ ಬಿಟ್ಟೀಯೇನ?"

"ಮತ್ತ ಗುಡಿಗಿ ಹೋಗಬ್ಯಾಡೇನು? ಕೆಂಪ ನಿಂತತಿ. ಮುಗೀತಲ್ಲ."

ಬಸಗೊಂಡಪ್ಪ ಹಣೆ ಬಡಿದುಕೊಂಡ. ಹೇಳಲೇಬೇಕಿತ್ತು, ತಂಗಿಯ ಮುಖ ನೋಡಿ ಹೇಳುವ ಹಾಗಿರಲಿಲ್ಲ. ಬೇವಿನ ಗಿಡದ ಕಡೆ ಮುಖ ಮಾಡಿ, ಗಿಡಕ್ಕೇ ಬೈದ:

"ಹೆಣ್ಣಮಕ್ಕಳದು ನಿಂತಮ್ಯಾಲೆ ಮುಗೀತೈತಿ! ನಾಯೀದು ನಿಂತಮ್ಯಾಲೆ ಸುರು ಆಗತೈತಿ! ಈಗಿಂದ ಪೂರಾ ಒಂದ ವಾರ, ಹತ್ತ ದಿನ ಖರೆ ಖರೆ ಕಾಯೂ ಹೊತ್ತು! ಮೊದಲ ಆಕಿ ಯಾರ್ನೂ ಸೇರಿಸಾಂಗಿಲ್ಲ, ಈಗ ಯಾರನ್ನೂ ಬ್ಯಾಡ ಅನ್ನಾಂಗಿಲ್ಲ!"

ಕಟ್ಟೆಯ ಮೇಲಿದ್ದ ಪಾರಿಸಪ್ಪ ಕಿವಿ ಮುಚ್ಚಿಕೊಂಡು "ಣಮೋ ಅರಿಹಂತಾಣಂ" ಅಂದರು.

ರುಕ್ಮವ್ವನ ಮುಖದ ಬಣ್ಣ ಇಳಿಯಿತು. ಆದರೂ ಧೈರ್ಯ ಹಿಡಿದಳು. "ಆದ್ರ ಯಾವ ನಾಯೀನೂ ಮುಟ್ಟಿಲ್ಲಣ್ಣಾ. ಆಕಿ ಓಟಕ್ಕ ಯಾವ ಮಗಾ ಸಿಕ್ಕಾನ? ಒಳಗ ಹಾಕಿ ಚಿಲಕಾ ಜಡದೇನಿ. ಭದ್ರ ಅದಾಳ."

"ಒಬ್ಬಾಕೀನ?"

"ಒಬ್ಬಾಕಿ ಯಾಕ? ಕಾವಲಿಗಿ ಗುಂಡ್ಯಾ ಅದಾನ."

"ಗುಂಡ್ಯಾ ಅಂದ್ರ?"

"ಬ್ರಹ್ಮಚಾರಿ."

ಬಸಗೊಂಡಪ್ಪ ಚಿಲಕ ತೆಗೆದ.

ಮೂಲೆಯಲ್ಲಿ ಚಾಪೆ ಖಾಲಿ. ಮಣೆ ಖಾಲಿ, ಹೋಳಿಗೆಯ ತಾಟೂ ಖಾಲಿ. ಶಂಕರೆಪ್ಪ ಎದ್ದುಹೋದ ಕುಣಿ ಮಾತ್ರ ಖಾಲಿ ಇರಲಿಲ್ಲ. ತಾನು ಹುಗಿದಿಟ್ಟ ಕೊಬ್ಬರಿ ಹುಡುಕಲೆಂದು ಇಳಿದಿದ್ದಳೋ ಏನೋ, ಚಿಗರಿ ಕುಣಿಯ ತಳದಲ್ಲಿ ನಿಂತಿದ್ದಳು. ಇಳಿಯುವ ಮೆಟ್ಟಿಲ ಮೇಲೆ ಗುಂಡ್ಯಾ. ಮೆಟ್ಟಿಲು ಅವನ ಅಳತೆ ತೆಗೆದುಕೊಂಡೇ ಮಾಡಿಸಿದ ಹಾಗಿತ್ತು. ಇಬ್ಬರ ಮುಖ ಒಂದು ಮೂಡಣಕ್ಕೆ, ಒಂದು ಪಡುವಣಕ್ಕೆ, ಬೆನ್ನು ಮಾತ್ರ ಕೂಡಿಕೊಂಡಿತ್ತು. ಬ್ರಹ್ಮಚಾರಿ ಎಲ್ಲರ ಕಡೆ ಗಂಭೀರವಾಗಿ ನೋಡಿದ.

ಬಸಗೊಂಡಪ್ಪ ಸರಪಳಿ ಎತ್ತಿಕೊಂಡು ನುಗ್ಗಿದ. ಶಂಕರೆಪ್ಪ ಅಡ್ಡ ಬಂದ. "ಭಾವಾರ, ಕೈ ಮುಗೀತೇನಿ, ಎಳೀಬ್ಯಾಡ್ರಿ! ಅವಕ್ಕೂ ನೋವ, ನನ್ನ ಹಾಸೂ ಹರೀತೈತಿ. ಮಗ್ಗದ ಮ್ಯಾಲೆ ಪಾರಿಸಪ್ಪಾರ ನೂಲ ಐತಿ. ತಾವ ಬಿಡತಾವ."

ಸರ್ಜಾ ಬಾಗಿಲಲ್ಲಿ ಬಂದು ಇಣುಕಿದ. ಗುಂಡ್ಯಾ ನಿಂತಲ್ಲಿಂದಲೇ ಒಂದು ಸಲ ಗುರ್ ಅಂದ. ಸರ್ಜಾ ಏಳು ತಲೆಮಾರಿನ ಮರ್ಯಾದೆಯನ್ನು ಕಾಲಸಂದಿಯಲ್ಲಿ ಇಟ್ಟುಕೊಂಡು ಬಂಡಿಯ ಬುಡಕ್ಕೆ ಹೋಗಿ ಕೂತ.

ಎಲ್ಲರೂ ಕುಣಿಯ ಸುತ್ತ ಕೂತು ಕಾದರು. ಕರೆವ್ವನೇ ಬಾಯಿಬಿಟ್ಟಳು. "ಏಣಿ ಹಚ್ಚಿದ್ರೂ ಮುಟ್ಟಾಂಗಿಲ್ಲ ಅಂದಿದ್ದೆಲ್ಲ ಬೇ."

"ಏಣಿ ಹಚ್ಚಲಿಲ್ಲ," ಅಂದ ಶಂಕರೆಪ್ಪ, "ಕುಣಿ ತೋಡಿದಿವಿ."

ಬಿಟ್ಟ ಮೇಲೆ ಬಸಗೊಂಡಪ್ಪ ಚಿಗರಿಯ ಕೊರಳಿಗೆ ಸರಪಳಿ ಹಾಕಿದ. "ಆತು ಮಾತ. ಬೀದಿನಾಯಿ ಮುಟ್ಟಿದ್ರ ಒಯ್ತೇನಿ ಅಂದಿದ್ನಿ. ನಡಿ."

ಚಿಗರಿ ಹೆಜ್ಜೆ ಎತ್ತಲಿಲ್ಲ. ಹೊಳ್ಳಿ ರುಕ್ಮವ್ವನನ್ನು ನೋಡಿದಳು. ರುಕ್ಮವ್ವ ಸೆರಗಿನಿಂದ ಮೂಗು ಒರೆಸಿಕೊಂಡಳು. ಆಮೇಲೆ ಆಕೆ ಎದ್ದು ಒಳಗೆ ಹೋಗಿ ತನ್ನ ಸೀರೆಯ ಗಂಟು ಕಟ್ಟಿಕೊಂಡು ಬಂದಳು.

"ನೀ ಎಲ್ಲಿಗೆ?" ಅಂದ ಬಸಗೊಂಡಪ್ಪ.

"ಆಕಿ ಜೋಡಿ. ನೀ ಒಯ್ಯೂದು ಬರೋಬ್ಬರಿ ಐತಿ ಅಣ್ಣಾ. ಚೊಚ್ಚಲ ಬಾಣಂತನ ತವರಮನೀದು. ಆಕಿ ತವರ ನಿನ್ನ ಮನಿ, ನೀ ಸೋದರಮಾವ. ನಮ್ಮ ಅತ್ತಿಗಿಗಿ ಬಾಣಂತನ ನೀಗಾಂಗಿಲ್ಲ, ನಾ ಮಾಡತೇನಿ. ಮರಿ ನಿನ್ನ ಮನಿಯಾಗ ಹುಟ್ಟತಾವ. ಪಾರಿಸಪ್ಪಾರ, ಪಂಚಮಿ ದಿನ ನಮ್ಮಣ್ಣ ಏನಂದಿದ್ದ?"

ಪಾರಿಸಪ್ಪ ಟೊಪ್ಪಿಗೆ ಸರಿ ಮಾಡಿಕೊಂಡರು. "ನಾ ಕೇಳಿದ್ದ ಇಷ್ಟ. ಮೊದಲನೇ ಸೂಲಿನ ಮರಿ ಎಲ್ಲಾ ಬಸಗೊಂಡಪ್ಪಂದು. ಅವು ಅವನ ಮನಿಯಾಗ ಬಂದು ಬಿದ್ದ ದಿನದಿಂದ ನಾಯಿ ತಂಗೀದು."

"ಬೀದಿನಾಯಿ ಮಾತ?" ಅಂದ ಬಸಗೊಂಡಪ್ಪ.

"ಅದನ್ನ ಎಲ್ಲಿ ಅಂದಿ?"

"ಗಾಡಿ ಹತ್ತುವಾಗ. ಕಿವ್ಯಾಗ."

"ಆ ಕಿವಿ ನಂದಲ್ಲಪಾ. ನಾ ಸಾಕ್ಷಿ ಆದದ್ದ ಕಟ್ಟಿಮ್ಯಾಗಿನ ಮಾತಿಗಿ. ಮರಿ ಅಪ್ಪ ಯಾರಂತ ಅವತ್ತ ನೀ ಹೇಳಲಿಲ್ಲ, ನಾ ಕೇಳಲಿಲ್ಲ."

ಬಸಗೊಂಡಪ್ಪ ಸರಪಳಿ ಹಿಡಿದು ನಿಂತ. ಒಯ್ದರೆ ಗೇಣುದ್ದ ಕಾಲಿನ ಮರಿಗಳು ಸರ್ಜಾನ ಅಂಗಳದಲ್ಲಿ ಬೀಳುತ್ತವೆ; ಬಿದ್ದ ದಿನ ನಾಯಿ ತಂಗಿಯದು, ಮರಿ ತನ್ನ ಕೊರಳಿಗೆ. ಒಯ್ಯದಿದ್ದರೆ ನಾಯಿ ಹೇಗೂ ತಂಗಿಯ ಮನೆಯಲ್ಲೇ. ಒಂದು ಸಲ ಬಂಡಿಯ ಕಡೆ ನೋಡಿದ. ಒಂದು ಸಲ ಗುಂಡ್ಯಾನ ಕಡೆ ನೋಡಿದ. ಗುಂಡ್ಯಾ ಬೀಗರ ಮನೆಗೆ ಬಂದ ಅಳಿಯನ ಹಾಗೆ ಮೈ ಚಾಚಿ ಮಲಗಿದ್ದ.

ಬಸಗೊಂಡಪ್ಪ ಸರಪಳಿ ಬಿಚ್ಚಿದ. "ಹೋಳಿಗಿ ಉಳದಾವೇನ?" ಅಂದ.

"ನಿನ್ನ ಅಳಿಯಾ ಎರಡ ತಿಂದಾನ. ಉಳದದ್ದ ನಿನಗ." ರುಕ್ಮವ್ವ ಅಳುತ್ತಲೇ ನಕ್ಕಳು. ಬಸಗೊಂಡಪ್ಪ ಉಂಡು ಎದ್ದು, ಸೋದರಮಾವನ ಮರ್ಯಾದೆಗೆ ಕಡಿಮೆ ಆಗಬಾರದೆಂದು ಗುಳೇದಗುಡ್ಡದ ಖಣವನ್ನು ಚಿಗರಿಯ ಬೆನ್ನಿಗೆ ಮುಟ್ಟಿಸಿಯೇ ಹೋದ. ಚಿಗರಿ ಅದನ್ನೂ ಅರ್ಧ ತಿಂದಳು.

ದಿನ ತುಂಬುವ ಮೊದಲು ರುಕ್ಮವ್ವ ಸುಮ್ಮನಿರಲಿಲ್ಲ. ಗಾಡಿ ಕಟ್ಟಿಸಿ, ಬಸುರಿ ಚಿಗರಿಯನ್ನು ಕೂಡಿಸಿಕೊಂಡು ತವರಿಗೆ ಹೋಗಿಯೇ ಬಾಣಂತನ ಮಾಡಿದಳು. ಮಾತು ಗಟ್ಟಿ ಮಾಡಿಕೊಳ್ಳಬೇಕಲ್ಲ. ಮರಿಗಳಿಗೆ ಅವ್ವನ ಉದ್ದ ಮೂತಿ, ಅಪ್ಪನ ಗಿಡ್ಡ ಕಾಲು, ಎಲ್ಲಕ್ಕೂ ಒಂದು ಕಿವಿ ನಿಂತದ್ದು, ಒಂದು ಮಲಗಿದ್ದು. ಮೊದಲು ಬಸಗೊಂಡಪ್ಪ ಅವನ್ನು ಬುಟ್ಟಿ ಮುಚ್ಚಿ ಇಟ್ಟ. ಆದರೆ ಮೊಲ ಪೊದೆಯೊಳಗೆ ನುಸುಳಿದಾಗ ಸರ್ಜಾ ಹೊರಗೆ ಕುಣಿದಾಡುತ್ತಿದ್ದರೆ, ಆ ಗಿಡ್ಡ ಮರಿಗಳು ಒಳಗೇ ಹೊಕ್ಕು ಮೊಲವನ್ನು ಈಚೆ ಹಾಕತೊಡಗಿದವು. ಆಮೇಲೆ ಅವನು ಊರ ಕಟ್ಟೆಯ ಮೇಲೆ ಕೂತು ರಾಗ ಎಳೆದು ಹೇಳುವುದನ್ನು ಬಹಳ ಮಂದಿ ಕೇಳಿದ್ದಾರೆ: "ಇವರವ್ವ ಮುಧೋಳದ ಚಿಗರವ್ವ, ಇವರಪ್ಪ ಬನಹಟ್ಟಿ ಗುಡಿಕಟ್ಟಿ ಗುಂಡಪ್ಪ. ಅವರಪ್ಪ..." ಅಲ್ಲಿಗೆ ಬಂದು ನಿಲ್ಲಿಸಿ ಅವನು ಒಂದು ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದ.

ಚಿಗರಿ ರುಕ್ಮವ್ವನವಳಾಗಿ ಬನಹಟ್ಟಿಗೆ ಬಂದಳು. ರುಕ್ಮವ್ವನ ಪದವಿಗೂ ಏನೂ ಕುಂದು ಬರಲಿಲ್ಲ. ಯಾರಾದರೂ ಓಡಿಬಂದು, "ರುಕ್ಮವ್ವಾ, ದೊಡ್ಡಾಕಿ ಆಗ್ಯಾಳ, ಬಾ ಬೇ" ಅಂದರೆ ಆಕೆ ಸೆರಗು ಸಿಕ್ಕಿಸಿಕೊಳ್ಳುತ್ತ ಒಂದೇ ಮಾತು ಕೇಳುತ್ತಿದ್ದಳು: "ಕಾಲ ಎಷ್ಟು?"

ಎರಡನೇ ಸಲ ಚಿಗರಿ ಬೆದೆಗೆ ಬಂದಾಗ ಒನಕೆ ಇಡಲಿಲ್ಲ, ಹೋಳಿಗೆ ಮಾಡಲಿಲ್ಲ. ಗುಂಡ್ಯಾನಿಗೆ ರಜೆ ಕೊಟ್ಟು ಗುಡಿಗೆ ಕಳಿಸಿದರು. ಕೆಂಪು ನಿಂತ ಮೇಲೂ ಬಾಗಿಲು ತೆರೆಯಲಿಲ್ಲ. ಮತ್ತೆ ಶಂಕರೆಪ್ಪ, ರುಕ್ಮವ್ವನ ಅಪ್ಪಣೆಯ ಪ್ರಕಾರ, ಎಲ್ಲ ಮುಗಿಯುವತನಕ ಕುಣಿ ಬಿಟ್ಟು ಏಳಲಿಲ್ಲ. ರೊಟ್ಟಿ ಅಲ್ಲೇ, ತಂಬಾಕು ಅಲ್ಲೇ, ನಿದ್ದೆ ಅಲ್ಲೇ. ಕರೆವ್ವ ಗೋಡೆಯ ಮೇಲಿಂದ ಹಣಿಕಿ ಹಾಕಿ, "ಮತ್ತ ಕಾಲ ಹೋದವೇನ ಬೇ?" ಅಂದಳು.

"ಇರಲಿ ಬಿಡ," ಅಂದಳು ರುಕ್ಮವ್ವ ರಾಟಿ ತಿರುಗಿಸುತ್ತ, "ಒಂದ ಸಲ ಕಂಡಿದ್ದಕ್ಕ ಏನಾತಂತ ನೋಡಿದೆಲ್ಲ."

ಪಕ್ಕದಲ್ಲಿ ಚಿಗರಿ ಮೂತಿ ಮೇಲೆತ್ತಿ ಊಳಿಟ್ಟಳು. ದೂರ ಹನಮಪ್ಪನ ಕಟ್ಟೆಯಿಂದ ಯಾರೋ ಅದಕ್ಕೆ ಸೋ ಅಂದ ಹಾಗಾಯಿತು.